ಎಣ್ಣೆ ಹೋದರೂ ಹಿಂಡಿ ಊರಲ್ಲಿರಲಿ

ಹೊಂಗೆ ಬೀಜವನ್ನು ಎಕ್ಸ್‌ಪೆಲ್ಲರ್‌ಗೆ ಸುರಿದರೆ ಒಂದು ಕಡೆ ಕಂದು ಬಣ್ಣದ ಎಣ್ಣೆ ಇಳಿಯುತ್ತದೆ, ಇನ್ನೊಂದು ಕಡೆ ಬಿಸಿಬಿಸಿ ಹಿಂಡಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. 100 ಕೆಜಿ ಬೀಜಕ್ಕೆ ಎಣ್ಣೆ ಸಿಗುವುದು 25 ಕೆಜಿಯ ಆಸುಪಾಸು. ಮಿಕ್ಕಿದ್ದರಲ್ಲಿ ಬಹುಪಾಲು ಹಿಂಡಿಯೇ. ಆದರೂ ಜೈವಿಕ ಇಂಧನದ ಮಾತು ಬಂದಾಗ ಸಭೆಯಲ್ಲಿ, ಭಾಷಣದಲ್ಲಿ, ಫ್ಲೆಕ್ಸಿನಲ್ಲಿ ಎಣ್ಣೆಯದೇ ಕಾರುಬಾರು.

ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಶುರುವಾಗಿದ್ದು 2007ರಲ್ಲಿ. 2009ರಲ್ಲಿ ರಾಜ್ಯಕ್ಕೊಂದು ಜೈವಿಕ ಇಂಧನ ನೀತಿಯೂ ಬಂತು. ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಹೆಸರಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಗಿಡಗಳನ್ನು ನೆಡಿಸಿದರು. ಬಂಗಾರ, ಹೊನ್ನು ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಡೀಸೆಲ್ ದರವೇ ಇರಬೇಕು.

ಲೆಕ್ಕವನ್ನು ಮಣ್ಣಿನ ಕಡೆಯಿಂದ ಹಾಕಿದರೆ ಬೇರೆಯೇ ಕಾಣುತ್ತದೆ. ಎಣ್ಣೆಯಲ್ಲಿರುವುದು ಇಂಗಾಲ, ಜಲಜನಕ, ಒಂದಿಷ್ಟು ಆಮ್ಲಜನಕ. ಇವನ್ನೆಲ್ಲ ಮರ ಗಾಳಿ-ನೀರಿನಿಂದ ಪಡೆದದ್ದು. ಅದನ್ನು ಊರಾಚೆ ಮಾರಿ ಸುಟ್ಟರೂ ಹೊಲಕ್ಕೆ ನಷ್ಟವಿಲ್ಲ. ಹೊಂಗೆ ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿ ಕೂಡಿಹಾಕಿದ ಸಾರಜನಕ, ಮಣ್ಣಿನಿಂದ ಎತ್ತಿಕೊಂಡ ರಂಜಕ, ಪೊಟ್ಯಾಷ್ ಬೀಜಕ್ಕೆ ಬಂದಷ್ಟೂ ಉಳಿಯುವುದು ಹಿಂಡಿಯಲ್ಲಿ. ಸಾರಜನಕವೇ ಶೇ 4ರ ಹತ್ತಿರ. ಬೀಜವನ್ನು ಹಾಗೇ ವ್ಯಾಪಾರಿಗೆ ತೂಗಿ ಕೊಟ್ಟ ರೈತ ಎಣ್ಣೆಯ ಜೊತೆ ಗೊಬ್ಬರವನ್ನೂ ಲಾರಿಗೆ ಹತ್ತಿಸಿದಂತೆ.

ಗದ್ದೆಯ ಕೆಸರಿಗೆ ಹೊಂಗೆ ಸೊಪ್ಪು ತುಳಿದು ನಾಟಿ ಹಾಕುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆ, ತೆಂಗಿನ ಬುಡಕ್ಕೂ ಶುಂಠಿ ಮಡಿಗೂ ಹಿಂಡಿ ಹಾಕುವವರು ಇಂದೂ ಇದ್ದಾರೆ. ಪುಡಿ ಮಾಡಿ, ನೆನೆಹಾಕಿ, ಕೊಳೆಸಿ ಹಾಕುವುದು ಒಳ್ಳೆಯದು. ಹಸಿ ಹಿಂಡಿ ಎಳೆ ಬೇರಿಗೆ ತಾಗಿದರೆ ಗಿಡ ಬಾಡೀತು. ಹೊಂಗೆಯ ಕಹಿಗೆ ಕಾರಣವಾದ ಅಂಶಗಳಲ್ಲೊಂದು ಕರಂಜಿನ್. ದನ ಹಿಂಡಿಗೆ ಮೂತಿ ತಿರುಗಿಸುವುದು ಈ ಕಹಿಗೇ. ಸುಣ್ಣದಲ್ಲೋ ಕ್ಷಾರದಲ್ಲೋ ನೆನೆಸಿ ಅದನ್ನು ಮೇವಾಗಿಸುವ ಪ್ರಯೋಗಗಳು ಬಹಳ ನಡೆದಿವೆ. ನನಗೆ ಅದೊಂದು ಬೇಡದ ಸಾಹಸ ಎನಿಸುತ್ತದೆ. ಅದೇ ಕರಂಜಿನ್ ಮಣ್ಣಿನಲ್ಲಿ ಸಾರಜನಕ ನೈಟ್ರೇಟ್ ಆಗಿ ನೀರಿನೊಡನೆ ಬಸಿದುಹೋಗುವುದನ್ನು ನಿಧಾನಗೊಳಿಸುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯ ಮಾಡಿದ್ದರ ಹಿಂದೆಯೂ ಇಂಥದ್ದೇ ಗುಣವಿತ್ತು.

ಹಿಂಡಿಯನ್ನು ಗೋಬರ್ ಗ್ಯಾಸ್ ಗುಂಡಿಗೂ ಹಾಕಬಹುದು. ಅಷ್ಟೇ ತೂಕದ ಸಗಣಿಗಿಂತ ಹಲವು ಪಟ್ಟು ಅನಿಲ ಬರುತ್ತದೆ. ದನ ಆಗಲೇ ಅರಗಿಸಿ ಬಿಟ್ಟ ಸಗಣಿಯಲ್ಲಿ ಕಸುವು ಉಳಿದಿರುವುದು ಎಷ್ಟು ಮಹಾ! ಅನಿಲವಾಗಿ ಹೋಗುವುದು ಮುಖ್ಯವಾಗಿ ಇಂಗಾಲವೇ. ಸಾರಜನಕ ಬಗ್ಗಡದಲ್ಲೇ ಉಳಿದು ಹೊಲಕ್ಕೆ ಮರಳುತ್ತದೆ. ಒಲೆಯೂ ಉರಿಯಿತು, ಗೊಬ್ಬರವೂ ಉಳಿಯಿತು. ಎಣ್ಣೆಯನ್ನು ಬಯೋಡೀಸೆಲ್ ಮಾಡುವಾಗ ತಳದಲ್ಲಿ ನಿಲ್ಲುವ ಗ್ಲಿಸರಿನ್ ಸೋಪು ತಯಾರಿಕೆಗೆ ಹೋಗುತ್ತದೆ, ಅದು ಚಿಲ್ಲರೆ ಲಾಭ.

ಕಬ್ಬಿನ ಎಥೆನಾಲ್‌ನಲ್ಲೂ ಇದೇ ಕಥೆ. ಕಾಕಂಬಿ ಹುದುಗಿಸಿ ಭಟ್ಟಿ ಇಳಿಸಿದ ಮೇಲೆ ಉಳಿಯುವ ಕಪ್ಪು ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಅದನ್ನೇ ಇಂಗಿಸಿ ಬಾಯ್ಲರ್‌ನಲ್ಲಿ ಸುಟ್ಟರೆ ಬೂದಿಯಲ್ಲಿ ಕಬ್ಬು ನೆಲದಿಂದ ಹೀರಿದ ಪೊಟ್ಯಾಷ್ ಸಿಗುತ್ತದೆ. ಶೇ 14.5ರಷ್ಟು ಪೊಟ್ಯಾಷ್ ಇರುವ ಈ ಗೊಬ್ಬರಕ್ಕೆ ಕೇಂದ್ರದ ಸಹಾಯಧನವೂ ಇದೆ. ಪೊಟ್ಯಾಷ್ ಗೊಬ್ಬರಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಹೊರದೇಶಗಳನ್ನು ನಂಬಿರುವ ನಮಗೆ ಅದು ಸಣ್ಣ ಸಂಗತಿಯಲ್ಲ.

ಹೊಂಗೆಯ ತೊಡಕು ಇರುವುದು ಬೀಜ ಕೂಡಿಸುವುದರಲ್ಲಿ. ಬೇಸಿಗೆ ಬಿಸಿಲಲ್ಲಿ ಕಾಯಿ ಆರಿಸಿ, ಬಡಿದು, ಸಿಪ್ಪೆ ಬಿಡಿಸಿದ ಹೆಂಗಸರಿಗೆ ಬೀಜದ ದರದಲ್ಲಿ ಕೂಲಿಯೂ ಹುಟ್ಟದು. ಶೇಂಗಾ, ಕೊಬ್ಬರಿ ಗಾಣಕ್ಕೆ ಒಯ್ದವರು ಕೂಲಿ ಕೊಟ್ಟು ಎಣ್ಣೆ ತೆಗೆಸಿ, ಹಿಂಡಿಯನ್ನೂ ಕೇಳಿ ಚೀಲಕ್ಕೆ ತುಂಬಿಸಿಕೊಳ್ಳುತ್ತಾರೆ. ಹೊಂಗೆಗೂ ಇದೇ ಏರ್ಪಾಡು ಬಂದರೆ, ಊರಿನ ಹಾಲಿನ ಡೇರಿಯ ಮಗ್ಗುಲಲ್ಲೇ ಒಂದು ಸಣ್ಣ ಎಕ್ಸ್‌ಪೆಲ್ಲರ್ ಕೂತರೆ, ಎಣ್ಣೆಯ ದರ ಬಿದ್ದ ವರ್ಷವೂ ಕಾಯಿ ಆರಿಸಲು ಒಂದು ಕಾರಣ ಇರುತ್ತದೆ.