ಒಂದು ಹನಿ ರಕ್ತದ ಸಾಕ್ಷಿ

ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಎಡದಂಡೆ ಕಾಲುವೆಗುಂಟ ಹರಿದು ಸುರಪುರ, ಶಹಾಪುರ ಸೀಮೆಯ ಎರೆಭೂಮಿಯನ್ನು ತಣಿಸತೊಡಗಿದ ದಿನಗಳನ್ನು ನಾವು ಕಣ್ಣಾರೆ ಕಂಡವರು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಗುಳೆ ಹೋಗುತ್ತಿದ್ದ ಎಷ್ಟೋ ಮನೆಗಳಲ್ಲಿ ವರ್ಷವಿಡೀ ಒಲೆ ಉರಿಯಿತು. ಆದರೆ ಕಾಲುವೆಯ ಬದಿಯಲ್ಲಿ ಬಸಿನೀರು ನಿಂತಿತು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿತು. ನಮ್ಮ ಹಿರಿಯರು ಮರೆಯತೊಡಗಿದ್ದ ಚಳಿಜ್ವರವು ಮರಳಿ ಬಾಗಿಲು ತಟ್ಟಿತು.

ಈ ರೋಗದ ಗುಟ್ಟು ಬಯಲಾದದ್ದು ನಮ್ಮಿಂದ ಬಹುದೂರದಲ್ಲೇನೂ ಅಲ್ಲ. ಯಾದಗಿರಿ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಅದೇ ರಾಜ್ಯದ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. 1947ರಲ್ಲಿ ಭಾರತದಲ್ಲಿ ವರ್ಷಕ್ಕೆ 7.5 ಕೋಟಿ ಜನರಿಗೆ ಈ ಜ್ವರ ತಗುಲಿ, 8 ಲಕ್ಷ ಜನರು ಅಸುನೀಗುತ್ತಿದ್ದರೆಂಬುದು ಅಂದಿನ ಅಂದಾಜು. ನಮ್ಮ ಬಾಲ್ಯದಲ್ಲಿ ಡಿಡಿಟಿ ಪಂಪು ಹೊತ್ತವರು ಬಂದು ಗೋಡೆಗಳಿಗೆ ಸಿಂಪಡಿಸಿ, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದರು. 1965ರ ವೇಳೆಗೆ ದೇಶದ ಒಟ್ಟು ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಅನಂತರ ಎಚ್ಚರ ತಪ್ಪಿತು. 1976ರಲ್ಲಿ ಅವು 64 ಲಕ್ಷವನ್ನು ದಾಟಿದವು.

1990ರ ದಶಕದ ಒಂದು ಮಳೆಗಾಲ. ನಾವು ಪಾಠ ಹೇಳುತ್ತಿದ್ದ ಪ್ರಸಾದನಿಲಯದಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬನು ಮಧ್ಯಾಹ್ನದ ಹೊತ್ತಿಗೆ ನಡುಗತೊಡಗಿದನು. ನಾಲ್ಕು ಕಂಬಳಿ ಹೊದಿಸಿದರೂ ಚಳಿ ಬಿಡಲಿಲ್ಲ. ಸಂಜೆ ಬೆವರಿ, ಎದ್ದು ಕುಳಿತು, ಊಟ ಕೇಳಿದನು. ‘ಜ್ವರ ಇಳಿಯಿತು’ ಎಂದುಕೊಂಡೆವು. ಮೂರನೆಯ ದಿನ ಗಾಜಿನ ಪಟ್ಟಿಗೆ ರಕ್ತ ತೆಗೆಸಿ ಕಳುಹಿಸಿದೆವು. ಫಲಿತಾಂಶ ಬಂದದ್ದು ಒಂಬತ್ತನೆಯ ದಿನ. ಅದರಲ್ಲಿ ಫಾಲ್ಸಿಪಾರಂ ಎಂದು ಬರೆದಿತ್ತು. ಅಷ್ಟರಲ್ಲಿ ಜ್ವರವು ಮೆದುಳಿಗೇರಿ, ಬಾಲಕನ ಸಮಾಧಿಯಾಗಿ ಎರಡು ದಿನಗಳಾಗಿದ್ದವು. ಇದರಲ್ಲಿ ಪರರ ತಪ್ಪನ್ನು ನಾವು ಹುಡುಕುವುದಿಲ್ಲ. ಆ ಸಂಜೆಯ ಬೆವರನ್ನು ನಂಬಿ ಎರಡು ದಿನ ಸುಮ್ಮನೆ ಕಾದವರು ನಾವೇ.

ಪಟ್ಟಿಯೊಳಗಿನ ಗೆರೆ

ಇಂದು ಅದೇ ಸೀಮೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯು ಅಂಗೈಯಗಲದ ಒಂದು ಪರೀಕ್ಷಾ ಪಟ್ಟಿಯನ್ನು ಹಿಡಿದು ಮನೆಗೇ ಬರುತ್ತಾಳೆ. ಬೆರಳ ತುದಿಯ ಒಂದು ಹನಿ ರಕ್ತ, ಕೆಲವು ಹನಿ ದ್ರಾವಣ, 15-20 ನಿಮಿಷಗಳ ತಾಳ್ಮೆ. ಇಷ್ಟರಲ್ಲಿ ಪಟ್ಟಿಯ ಮೇಲೆ ಗೆರೆ ಮೂಡುತ್ತದೆ. ಒಂಬತ್ತು ದಿನಗಳ ಕೆಲಸವು ಅರ್ಧ ಗಳಿಗೆಗಿಷ್ಟು ಹೆಚ್ಚಿನ ಹೊತ್ತಿನಲ್ಲಿ ಮುಗಿಯುತ್ತದೆ. ಆ ಗೆರೆಯನ್ನು ಮೂಡಿಸುವ ವಸ್ತುವೇ ಮಾನೊಕ್ಲೋನಲ್ ಆಂಟಿಬಾಡಿ, ಅಂದರೆ ಏಕರೂಪದ ಪ್ರತಿಕಾಯ.

ಶರೀರವನ್ನು ಹೊಕ್ಕ ವೈರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನಿಗೆ ಪ್ರತಿಕಾಯವೆಂದು ಹೆಸರು. ನಮ್ಮ ರಕ್ತದಲ್ಲಿ ಇವು ಸಾವಿರಾರು ಬಗೆಯವು ಬೆರೆತಿರುತ್ತವೆ. ಹಲವು ತಳಿಗಳು ಕೂಡಿದ ಜೋಳದ ರಾಶಿಯಂತೆ ಇದನ್ನು ಭಾವಿಸಬಹುದು. ರಾಶಿಯಿಂದ ಒಂದೇ ಒಂದು ಕಾಳನ್ನು ಆರಿಸಿ ಬಿತ್ತಿ, ಅದರ ಪೀಳಿಗೆಯನ್ನಷ್ಟೇ ಬೆಳೆಸಿದರೆ ಹೊಲವೆಲ್ಲ ಒಂದೇ ತಳಿಯಾಗುತ್ತದೆ. ಪ್ರತಿಕಾಯದ ವಿಷಯದಲ್ಲಿ ಹೀಗೆ ಮಾಡಲು ಒಂದು ಅಡ್ಡಿಯಿತ್ತು. ಪ್ರತಿಕಾಯವನ್ನು ತಯಾರಿಸುವ ಜೀವಕೋಶವು ಶರೀರದ ಹೊರಗೆ ಕೆಲವೇ ದಿನಗಳಲ್ಲಿ ಸಾಯುತ್ತಿತ್ತು.

1975ರಲ್ಲಿ ಕೇಂಬ್ರಿಜ್ಜಿನಲ್ಲಿ ಅರ್ಜೆಂಟೀನಾ ಮೂಲದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ಜಾರ್ಜ್ ಕೋಹ್ಲರ್ ಅವರು ಈ ಅಡ್ಡಿಯನ್ನು ದಾಟಿದರು. ಇಲಿಯ ಪ್ರತಿಕಾಯಕೋಶವನ್ನು ಅವರು ಇಲಿಯ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಮೊದಲನೆಯದಕ್ಕೆ ಪ್ರತಿಕಾಯ ತಯಾರಿಸುವ ವಿದ್ಯೆ. ಎರಡನೆಯದಕ್ಕೆ ಕೊನೆಯಿಲ್ಲದೆ ಬೆಳೆಯುವ ಗುಣ. ಎರಡೂ ಕೂಡಿದ ಸಂಕರಕೋಶವು ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಸುರಿಸತೊಡಗಿತು. ಮನುಷ್ಯನನ್ನು ಕೊಲ್ಲುವ ಕ್ಯಾನ್ಸರಿನ ಹಟವನ್ನೇ ಮನುಷ್ಯನ ಸೇವೆಗೆ ಹೂಡಿದಂತಾಯಿತು. 1984ರಲ್ಲಿ ಈ ಇಬ್ಬರೂ ನೀಲ್ಸ್ ಯೆರ್ನೆ ಅವರೊಂದಿಗೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಈ ವಿಧಾನಕ್ಕೆ ಪೇಟೆಂಟು ಪಡೆಯಲಿಲ್ಲ. ಕೇಳಿದ ವಿಜ್ಞಾನಿಗಳಿಗೆ ಮಿಲ್‌ಸ್ಟೈನ್ ಅವರು ತಮ್ಮ ಕೋಶಗಳನ್ನು ಕಳುಹಿಸಿಕೊಟ್ಟರು. ಕಾಯಕದ ಫಲವನ್ನು ದಾಸೋಹವಾಗಿ ಹಂಚುವ ಮನೆತನಗಳಿಗೆ ಇದರ ಹಿರಿಮೆಯನ್ನು ವಿವರಿಸಬೇಕಾಗಿಲ್ಲ.

ಇಂಥ ಪ್ರತಿಕಾಯಗಳನ್ನು ಪರೀಕ್ಷಾ ಪಟ್ಟಿಯ ಮೇಲೆ ಕಾವಲಿಗೆ ನಿಲ್ಲಿಸಿರುತ್ತಾರೆ. ಪರಾವಲಂಬಿಯು ರಕ್ತದಲ್ಲಿ ಬಿಟ್ಟ ಪ್ರೋಟೀನು ಹರಿದು ಬಂದಾಗ ಅವು ಅದನ್ನು ಹಿಡಿಯುತ್ತವೆ. ಬಣ್ಣದ ಗೆರೆ ಮೂಡುತ್ತದೆ. ಫಾಲ್ಸಿಪಾರಮ್ಮಿಗೆ ಒಂದು, ವೈವಾಕ್ಸಿಗೆ ಇನ್ನೊಂದು ಗೆರೆ. ಎಲ್ಲಿಯೂ ಗೆರೆ ಮೂಡದಿದ್ದರೆ, ಪಟ್ಟಿಯೇ ಕೆಟ್ಟಿದೆಯೆಂದು ತಿಳಿಯಲು ಪರಿಶೀಲನೆಯ ಗೆರೆಯೂ ಉಂಟು. ಫಾಲ್ಸಿಪಾರಮ್ಮಿನ ಪ್ರೋಟೀನು ಗುಣವಾದ ಮೇಲೂ ಕೆಲವು ವಾರ ರಕ್ತದಲ್ಲಿ ಉಳಿಯಬಹುದು. ಆದುದರಿಂದ ಔಷಧ ಮುಗಿದ ಬಳಿಕ ಗೆರೆ ಕಂಡರೆ ಗಾಬರಿ ಬೇಡ, ವೈದ್ಯರನ್ನು ಕೇಳಬೇಕು. ಗೆರೆ ಕಾಣದಿದ್ದರೂ ಜ್ವರ ಮುಂದುವರಿದರೆ ಪುನಃ ಪರೀಕ್ಷಿಸಿಕೊಳ್ಳಬೇಕು.

ಬಾಯಿಯ ಹುಣ್ಣಿಗೂ ಅದೇ ವಿದ್ಯೆ

ಇದೇ ವಿದ್ಯೆಯು ಕ್ಯಾನ್ಸರಿನ ಚಿಕಿತ್ಸೆಗೂ ಬಂದಿದೆ. ಬಾಯಿ, ಗಂಟಲಿನ ಕ್ಯಾನ್ಸರ್ ಕೋಶಗಳ ಮೈಮೇಲೆ ಬೆಳವಣಿಗೆಯ ಆಜ್ಞೆಯನ್ನು ಪಡೆಯುವ ಗ್ರಾಹಕಗಳು ಬಹಳವಾಗಿರುತ್ತವೆ. ಅವುಗಳ ಮೇಲೆ ಕುಳಿತು ಆ ಆಜ್ಞೆಯನ್ನು ತಡೆಯುವ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯವು ಕ್ಯೂಬಾ ದೇಶದ ಹವಾನಾದಲ್ಲಿ ರೂಪುಗೊಂಡಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಕ್ಯೂಬಾದವರೊಂದಿಗೆ ಕೂಡಿ ಇದನ್ನು ನಮ್ಮಲ್ಲಿಯೇ ತಯಾರಿಸಿ 2006ರಲ್ಲಿ ಬಳಕೆಗೆ ತಂದಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 536 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಿರಣ ಮತ್ತು ಔಷಧ ಚಿಕಿತ್ಸೆಯೊಂದಿಗೆ ಇದನ್ನು ಕೊಟ್ಟಾಗ ರೋಗವು ಹೆಚ್ಚು ಕಾಲ ಹತೋಟಿಯಲ್ಲಿ ಉಳಿಯಿತು. ಆದರೆ ಆಯುಷ್ಯವು ನಿಶ್ಚಿತವಾಗಿ ಹೆಚ್ಚಿತೆಂದು ಆ ಅಧ್ಯಯನವು ಸಿದ್ಧಪಡಿಸಲಿಲ್ಲ. ಇದು ಪವಾಡವಲ್ಲ, ನೆರವು ಮಾತ್ರ.

ತಂಬಾಕು-ಸುಣ್ಣ ತಿಕ್ಕುವ ಅಂಗೈಗಳೂ ಗುಟ್ಕಾ ತುಂಬಿದ ಕೆನ್ನೆಗಳೂ ನಮ್ಮ ಜಾತ್ರೆ, ಮದುವೆ, ಮಠದ ಅಂಗಳಗಳಲ್ಲಿ ಕಡಿಮೆಯಿಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತೋರಿಸಬೇಕು. ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿಯೇ ಇದೆ. ಆರಂಭದಲ್ಲಿ ಹೋದವನಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗಬಹುದು. ತಡವಾಗಿ ಹೋದವನಿಗೆ ಬೆಲೆಬಾಳುವ ಪ್ರತಿಕಾಯವೂ ಕೈಹಿಡಿಯದೆ ಹೋಗಬಹುದು.

ಬರಲಿರುವುದು, ಬಂದಿರುವುದು

ಮಲೇರಿಯಾವನ್ನು ಮೊದಲೇ ತಡೆಯುವ ಪ್ರತಿಕಾಯಗಳ ಪ್ರಯೋಗವೂ ನಡೆದಿದೆ. ಆಫ್ರಿಕದ ಮಾಲಿ ದೇಶದಲ್ಲಿ 6ರಿಂದ 10 ವರ್ಷದ ಮಕ್ಕಳಿಗೆ ಒಮ್ಮೆ ಮಾತ್ರ ಚುಚ್ಚುಮದ್ದು ಕೊಟ್ಟು ಆರು ತಿಂಗಳು ನೋಡಿದಾಗ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಫಾಲ್ಸಿಪಾರಂ ಜ್ವರದ ವಿರುದ್ಧ ಶೇಕಡಾ 77ರಷ್ಟು ರಕ್ಷಣೆ ದೊರೆಯಿತೆಂದು 2024ರಲ್ಲಿ ವರದಿಯಾಯಿತು. ಸೊಳ್ಳೆ ಕಚ್ಚಿದಾಗ ಒಳಸೇರುವ ಪರಾವಲಂಬಿಯನ್ನು ಅದು ಯಕೃತ್ತಿಗೆ ತಲುಪುವ ಮುನ್ನವೇ ತಡೆಯುವುದು ಇದರ ಕ್ರಮ. ಇದು ಸಂತೋಷದ ವಾರ್ತೆ. ಆದರೆ ನಮ್ಮ ಊರಿನ ದವಾಖಾನೆಗೆ ಇನ್ನೂ ಬಂದಿಲ್ಲ.

ಬಂದಿರುವುದು ಆ ಪರೀಕ್ಷಾ ಪಟ್ಟಿ. ದೇಶದ ಮಲೇರಿಯಾ ಪ್ರಕರಣಗಳು 2015ರಲ್ಲಿ ಸುಮಾರು 11.7 ಲಕ್ಷವಿದ್ದುದು 2023ರಲ್ಲಿ ಸುಮಾರು 2.3 ಲಕ್ಷಕ್ಕೆ ಇಳಿದಿವೆ. 2030ಕ್ಕೆ ನಿರ್ಮೂಲನದ ಗುರಿಯಿದೆ. 1965ರ ಅನಂತರದ ಮೈಮರೆವು ಮತ್ತೆ ಆಗಬಾರದು. ಮಳೆಗಾಲದಲ್ಲಿ ಜ್ವರ ಬಂದರೆ, ದೂರದ ಊರಿಗೆ ದುಡಿಯಲು ಹೋದ ಮಗನು ಜ್ವರ ಹೊತ್ತು ಮರಳಿದರೆ, ಅಂದೇ ರಕ್ತ ಪರೀಕ್ಷೆಯಾಗಲಿ. ವೈವಾಕ್ಸ್ ಎಂದು ತಿಳಿದವರಿಗೆ ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಕೊಡುವ ವಾಡಿಕೆಯಿದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿದ ರೋಗವು ಮರಳುತ್ತದೆ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಪ್ರೈಮಾಕ್ವಿನ್ ಸಲ್ಲದು. ಅವರ ವಿಷಯವನ್ನು ವೈದ್ಯರಿಗೇ ಬಿಡಬೇಕು.

ಕೇಂಬ್ರಿಜ್ಜಿನ ಪ್ರಯೋಗಾಲಯದಿಂದ ಹೊರಟ ವಿದ್ಯೆಯು ಸುರಪುರದ ಹಳ್ಳಿಯ ಕಟ್ಟೆಯವರೆಗೆ ನಡೆದು ಬಂದಿದೆ. ಕಟ್ಟೆಯಿಂದ ಹೊಸ್ತಿಲೊಳಗೆ ಅದನ್ನು ಕರೆದುಕೊಳ್ಳಬೇಕಾದವರು ನಾವು. ಆ ಬಾಲಕನು ಮಲಗುತ್ತಿದ್ದ ಮೂಲೆಯನ್ನು ಕಂಡಾಗಲೆಲ್ಲ ನಮಗೆ ತೋರುವುದಿಷ್ಟೆ: ಅಂದು ಆ ಪಟ್ಟಿ ನಮ್ಮ ಬಳಿ ಇರಲಿಲ್ಲ, ಇಂದು ಇದ್ದೂ ಕಾಯುತ್ತ ಕುಳಿತರೆ ನಮಗೆ ಹೇಳಿಕೊಳ್ಳಲು ಯಾವ ನೆಪವೂ ಉಳಿಯುವುದಿಲ್ಲ.