ತೆರೆಯ ಮರೆಯ ಮನುಷ್ಯ

ಅಪರಾಧ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಸ್ಥಳ: ಕನ್ನ ಕೊರೆದ ಗೋಡೆ, ಮುರಿದ ಬೀಗ, ಕತ್ತಲೆಯ ಓಣಿ. ಪೊಲೀಸರ ಪಂಚನಾಮೆ ಆರಂಭವಾಗುವುದೂ ಸ್ಥಳದಿಂದಲೇ. ಆದರೆ ಕಳೆದ ಕೆಲವು ದಶಕಗಳಲ್ಲಿ ಇಂಥ ಸ್ಥಳದ ಹಂಗಿಲ್ಲದ ಅಪರಾಧವೊಂದು ಬೆಳೆದು ನಿಂತಿದೆ. ಕದಿಯುವವನು ಯಾವುದೋ ದೇಶದಲ್ಲಿ, ಕಳೆದುಕೊಂಡವನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ. ಇಬ್ಬರ ನಡುವೆ ಒಂದು ಗಾಜಿನ ತೆರೆ. ಇದನ್ನೇ ಸೈಬರ್ ಅಪರಾಧವೆನ್ನುತ್ತೇವೆ.

ಇದರ ಅಧ್ಯಯನ ತೀರ ಹೊಸದೇನಲ್ಲ. ಅಮೆರಿಕೆಯ ಡಾನ್ ಪಾರ್ಕರ್ ಕಂಪ್ಯೂಟರಿನ ಮೂಲಕ ನಡೆಯುವ ಅಪರಾಧಗಳನ್ನು ಕುರಿತು 1976ರಲ್ಲಿಯೇ ಗ್ರಂಥ ಬರೆದರು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದದ್ದು 2000ದಲ್ಲಿ. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆಯೊಂದು ಏರ್ಪಟ್ಟಿತು. ಕಾಯಿದೆಯು ಯಾವುದು ಅಪರಾಧವೆಂದು ಹೇಳಿತು. ಅದು ಹೇಗೆ ನಡೆಯಿತೆಂದು ಯಂತ್ರ ಬಲ್ಲವರು ಹೇಳಿದರು. ನಾಲ್ಕು ಜನರೆದುರು ಸಭ್ಯನಾಗಿರುವವನು ತೆರೆಯ ಮುಂದೆ ಕುಳಿತಾಗ ಏಕೆ ಬೇರೆಯವನಾಗುತ್ತಾನೆ? ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವರಲ್ಲಿ ಡಾ. ಕೆ. ಜೈಶಂಕರ್ ಪ್ರಮುಖರು.

ಜೈಶಂಕರ್ ಅಪರಾಧಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಮದರಾಸು ವಿಶ್ವವಿದ್ಯಾಲಯದಿಂದ. ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅಧ್ಯಾಪನ ಮಾಡಿದರು. ಕಾಮನ್‌ವೆಲ್ತ್ ಫೆಲೋ ಆಗಿ 2009-10ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ಅನಂತರ ಅಹಮದಾಬಾದಿನಲ್ಲಿ ಕೆಲಸ ಮಾಡಿ, ಮುಂದೆ ಬೆಂಗಳೂರಿನಲ್ಲಿ ಅಪರಾಧ ಮತ್ತು ನ್ಯಾಯವಿಜ್ಞಾನಗಳ ಅಧ್ಯಯನಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದರು. 2007ರಲ್ಲಿ ಅವರು ಆರಂಭಿಸಿದ ಪತ್ರಿಕೆಯಿಂದ ‘ಸೈಬರ್ ಅಪರಾಧಶಾಸ್ತ್ರ’ ಎಂಬ ಹೆಸರೇ ವಿದ್ವಲ್ಲೋಕದಲ್ಲಿ ರೂಢಿಗೆ ಬಂದಿತು. ಅದೇ ಹೆಸರಿನ, ಅವರು ಸಂಪಾದಿಸಿದ ಗ್ರಂಥ 2011ರಲ್ಲಿ ಪ್ರಕಟವಾಯಿತು.

ಅವರ ಮುಖ್ಯ ಪ್ರತಿಪಾದನೆಯನ್ನು ‘ಅವಕಾಶ ಸಂಕ್ರಮಣ ಸಿದ್ಧಾಂತ’ ಎಂದು ಕರೆಯಬಹುದು. ಅವಕಾಶವೆಂದರೆ ಇಲ್ಲಿ ಆವರಣ, ತಾಣ. ಮನುಷ್ಯ ಒಂದು ಆವರಣದಿಂದ ಇನ್ನೊಂದಕ್ಕೆ ದಾಟುವಾಗ ಅವನ ನಡತೆಯೂ ಬದಲಾಗುತ್ತದೆ. ಸ್ಥಾನಮಾನಗಳಿಗೆ ಅಂಜಿ ಅದುಮಿಟ್ಟ ದುಷ್ಪ್ರವೃತ್ತಿ ಆ ಕಡೆಗೆ ಹೋದಾಗ ತಲೆಯೆತ್ತುತ್ತದೆ. ಬೇಕಾದ ಹೆಸರು ತಳೆಯುವ ಸೌಲಭ್ಯ, ಗುರುತು ಸಿಗದೆಂಬ ಧೈರ್ಯ, ತಡೆಯುವವರಿಲ್ಲವೆಂಬ ಭಾವನೆ ಅದಕ್ಕೆ ಒತ್ತಾಸೆಯಾಗುತ್ತವೆ. ಅಷ್ಟೇ ಅಲ್ಲ, ಅಲ್ಲಿ ಕಲಿತ ನಡತೆ ಇಲ್ಲಿಗೂ ಮರಳಿ ಬರಬಹುದು.

ವೇಷ ನಮಗೆ ಹೊಸದಲ್ಲ. ದೊಡ್ಡಾಟದಲ್ಲಿ ರಾತ್ರಿಯೆಲ್ಲ ರಾವಣನಾಗಿ ಅಬ್ಬರಿಸಿದವನು ಬೆಳಗಾದರೆ ಊರೆಲ್ಲ ಬಲ್ಲ ಮನುಷ್ಯನೇ. ಕಾವ್ಯನಾಮದ ಮಾತೂ ಹಾಗೆಯೇ. ‘ಅಂಬಿಕಾತನಯದತ್ತ’ರು ಸಾಧನಕೇರಿಯ ಬೇಂದ್ರೆಯವರೆಂದು ನಾಡಿಗೆಲ್ಲ ತಿಳಿದಿತ್ತು. ‘ನರಬಲಿ’ ಕವನಕ್ಕಾಗಿ ಪರಕೀಯ ಸರಕಾರ ಸೆರೆಗೆ ಹಾಕಿದ್ದು ಕಾವ್ಯನಾಮವನ್ನಲ್ಲ, ಬೇಂದ್ರೆಯವರನ್ನು. ನಮ್ಮ ವೇಷಗಳು ಹೊಣೆಯನ್ನು ಕಳಚುತ್ತಿರಲಿಲ್ಲ. ಹೊಣೆಯಿಲ್ಲದ ವೇಷ ಬೀದಿಬೀದಿಯಲ್ಲಿ ಸಿಗುವಂತಾದಾಗ ಏನಾಗುತ್ತದೆಂಬುದೇ ಜೈಶಂಕರರ ಸಿದ್ಧಾಂತದ ತಿರುಳು.

ಅವರ ಬರವಣಿಗೆಯಲ್ಲಿ ಅಪರಾಧಿಯಷ್ಟೇ ಪ್ರಾಮುಖ್ಯ ನೊಂದವರಿಗೂ ಇದೆ. ನ್ಯಾಯಶಾಸ್ತ್ರ ವಿದುಷಿ ದೇಬಾರತಿ ಹಾಲ್ದರ್ ಅವರೊಡನೆ ಸೇರಿ, ಸ್ತ್ರೀಯರ ಮೇಲೆ ನಡೆಯುವ ಸೈಬರ್ ಅಪರಾಧಗಳನ್ನು ಕುರಿತು ಗ್ರಂಥಗಳನ್ನು ರಚಿಸಿದ್ದಾರೆ. ಸೈಬರ್ ಅಪರಾಧಕ್ಕೆ ಈ ಇಬ್ಬರು ಕೊಟ್ಟ ನಿರ್ವಚನವನ್ನು ಗಮನಿಸಬೇಕು. ಅದರಲ್ಲಿ ಮೊದಲು ಬರುವುದು ವ್ಯಕ್ತಿಯ ಮಾನಕ್ಕೆ ಉದ್ದೇಶಪೂರ್ವಕವಾಗಿ ತರುವ ಹಾನಿ. ದೇಹ, ಮನಸ್ಸುಗಳ ನೋವು ಮತ್ತು ನಷ್ಟದ ಮಾತು ಅನಂತರ. ಹಣ ಹೋದವನು ಠಾಣೆಯ ಮೆಟ್ಟಿಲೇರುತ್ತಾನೆ. ಕೃತ್ರಿಮ ಚಿತ್ರದಿಂದ ಮಾನ ಹೋಯಿತೆಂದುಕೊಂಡ ಹೆಣ್ಣುಮಗಳು ಮನೆಯವರಿಗೂ ಹೇಳಲಾರಳು. ಆ ಮೌನವೇ ದುಷ್ಟನ ಬಂಡವಾಳ.

ಈ ಸಿದ್ಧಾಂತಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮುಚ್ಚಿದ ಸಮಾಜದವರು ತೆರೆದ ಸಮಾಜದವರಿಗಿಂತ ಹೆಚ್ಚಾಗಿ ಇಂಥ ಅಪರಾಧಕ್ಕಿಳಿಯುತ್ತಾರೆಂಬ ಅದರ ಸೂತ್ರವನ್ನು ಅಳೆದು ನೋಡುವುದು ಸುಲಭವಲ್ಲ. ಯಾವುದು ಮುಚ್ಚಿದ್ದು, ಯಾವುದು ತೆರೆದದ್ದು ಎಂಬುದೇ ಮೊದಲ ತೊಡಕು. ಮೇಲಾಗಿ, ವಂಚನೆಯನ್ನೇ ಕಸುಬಾಗಿಸಿಕೊಂಡು ಗುಂಪುಕಟ್ಟಿ ದುಡಿಯುವವರಿಗೆ ಅದುಮಿಟ್ಟ ಪ್ರವೃತ್ತಿಯ ವಿವರಣೆ ಸಾಲದು. ಆದರೂ ಯಂತ್ರದ ಚರ್ಚೆಯ ನಡುವೆ ಮನುಷ್ಯನನ್ನು ತಂದು ನಿಲ್ಲಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು.

2023ರ ಜನವರಿಯಲ್ಲಿ ನಮ್ಮ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಅಡಿಗಲ್ಲು ಬಿದ್ದಿತು. ತೆರೆಯ ಮೇಲೆ ಉಳಿದ ಹೆಜ್ಜೆಗುರುತುಗಳನ್ನು ಓದುವ ತರುಣರು ಅಲ್ಲಿ ಸಿದ್ಧರಾಗಲಿ. ವಂಚನೆಗೆ ಒಳಗಾದವರು ಕೂಡಲೇ 1930ನೆಯ ಸಂಖ್ಯೆಗೆ ದೂರು ಕೊಡುವ ವ್ಯವಸ್ಥೆಯೂ ಇದೆ. ಆದರೆ ಯಾವ ವ್ಯವಸ್ಥೆಯೂ ಕೆಲಸ ಮಾಡುವುದು ನೊಂದವರು ಬಾಯಿಬಿಟ್ಟಾಗ. ‘ನಿನ್ನದೇನು ತಪ್ಪಿತ್ತು’ ಎಂದು ಕೇಳುವ ಮೊದಲು ‘ಏನಾಯಿತು, ಹೇಳು’ ಎಂದು ಕೇಳುವ ಹಿರಿಯರು ಪ್ರತಿ ಮನೆಯಲ್ಲಿಯೂ ಇರಬೇಕು. ಅಷ್ಟಾದರೆ ಈ ವಿದ್ವಾಂಸರ ಶ್ರಮದ ಅರ್ಧ ಫಲ ನಮಗೆ ದೊರೆತಂತೆಯೇ.