ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರು

ಬೆಳಿಗ್ಗೆ ಆರೂವರೆಗೆಲ್ಲ ಹಲಸೂರಿನ ಮರ್ಫಿ ಟೌನ್, ಲಕ್ಷ್ಮೀಪುರ ಕಡೆಯ ಗಲ್ಲಿಗಳಿಂದ ಹೆಂಗಸರು ಇಂದಿರಾನಗರದತ್ತ ಬಿರಬಿರನೆ ನಡೆಯುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತದೆ. ಕೈಯಲ್ಲಿ ಪುಟ್ಟ ಚೀಲ, ಅದರಲ್ಲಿ ಅಪಾರ್ಟ್‌ಮೆಂಟಿನ ಗೇಟಿಗೆ ತೋರಿಸುವ ಪಾಸು. ಒಬ್ಬಾಕೆ ತಮಿಳಿನಲ್ಲಿ ಕೇಳಿದ್ದಕ್ಕೆ ಇನ್ನೊಬ್ಬಾಕೆ ದಖನಿಯಲ್ಲಿ ಉತ್ತರ ಕೊಡುತ್ತಾಳೆ. ನೂರಡಿ ರಸ್ತೆ ಬರುವಷ್ಟರಲ್ಲಿ ಗುಂಪು ಕರಗಿ, ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರು ಮಾಯವಾಗುತ್ತಾರೆ.

ಮನೆಗೆಲಸದ ಇಂಥ ಹೆಂಗಸರು ಸಂಘ ಕಟ್ಟಿದ್ದು ಹೇಗೆ?

ಪೂರ್ವ ಬೆಂಗಳೂರಿಗೆ ಸಂಘ ಹೊಸದಲ್ಲ. 1948ರಲ್ಲಿ ಶುರುವಾದ ಕೆ.ಆರ್. ಪುರದ ಐಟಿಐ ದೂರವಾಣಿ ಕಾರ್ಖಾನೆ ಇತ್ತು, ಎಚ್‌ಎಎಲ್, ಬಿಇಎಂಎಲ್ ಇದ್ದವು. 1980ರ ಡಿಸೆಂಬರ್ ಕೊನೆಯಲ್ಲಿ ಇವುಗಳ ಜೊತೆ ಎಚ್‌ಎಂಟಿ, ಬಿಇಎಲ್ ಕಾರ್ಮಿಕರೂ ಸೇರಿ 77 ದಿನ ಮುಷ್ಕರ ಹೂಡಿದರು. ಅವರಿಗೆ ಫ್ಯಾಕ್ಟರಿ ಗೇಟು ಇತ್ತು, ಶಿಫ್ಟ್ ಮುಗಿದಾಗ ಸಾವಿರಾರು ಜನ ಒಟ್ಟಿಗೆ ಹೊರಬರುತ್ತಿದ್ದರು. ಮುಸುರೆ ತಿಕ್ಕುವವಳಿಗೆ ಆ ಗೇಟಿಲ್ಲ. ಆದ್ದರಿಂದ ಅವಳ ಸಂಘ ಅವಳು ಮಲಗಿ ಏಳುವ ಕೊಳೆಗೇರಿಯಲ್ಲೇ ಹುಟ್ಟಬೇಕಾಯಿತು.

ದಲಿತ ಹೋರಾಟಗಾರ್ತಿ ರೂತ್ ಮನೋರಮಾ 1985ರಲ್ಲಿ 'ವಿಮೆನ್ಸ್ ವಾಯ್ಸ್' ಸಂಘಟನೆ ಕಟ್ಟಿದ್ದು ಇಂಥ ಕೊಳೆಗೇರಿಗಳ ಹೆಂಗಸರ ನಡುವೆ. ಅಲ್ಲಿ ಸಂಬಳದ ಮಾತೆತ್ತಿದರೆ ನಲ್ಲಿ ನೀರಿನ ಮಾತು ಬರುತ್ತದೆ. ನೀರಿನ ಹಿಂದೆಯೇ ಹಕ್ಕುಪತ್ರ, ರೇಷನ್ ಕಾರ್ಡು, ಕುಡಿದು ಬಂದು ಹೊಡೆಯುವ ಗಂಡ. ತನಗೇ ಬೇರೆ ಲೋಟವಿಟ್ಟ ಮನೆಯ ಕತೆ ಹೇಳುವಾಗ ಮಾತ್ರ ದನಿ ತಗ್ಗುತ್ತದೆ. ಒಂದೇ ಸಂಘ ಇಷ್ಟನ್ನೂ ಹೊರಲಾರದು. ಬೆಂಗಳೂರು ಗೃಹಕಾರ್ಮಿಕರ ಸಂಘ, ಕೊಳೆಗೇರಿ ನಿವಾಸಿಗಳ ಒಕ್ಕೂಟ, 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಹೀಗೆ ಒಂದಕ್ಕೊಂದು ಕೊಂಡಿಯಾಗಿ ಬೆಳೆದವು. ಸ್ತ್ರೀ ಜಾಗೃತಿ ಸಮಿತಿ, ದೊಮ್ಮಲೂರಿನ ಫೆಡಿನಾ ಎಂಬ ಸಂಸ್ಥೆಗಳು ಬೇರೆ ಬೇರೆ ದಾರಿಗಳಿಂದ ಬಂದು ಇದೇ ಕೆಲಸಕ್ಕೆ ಹೆಗಲು ಕೊಟ್ಟವು. 2006ರಲ್ಲಿ ಮನೋರಮಾ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2004ರ ಒಂದು ಸರ್ಕಾರಿ ಅಧಿಸೂಚನೆ. ಮನೆಗೆಲಸಕ್ಕೆ ಕನಿಷ್ಠ ವೇತನ ಕರ್ನಾಟಕದಲ್ಲಿ ನಿಗದಿಯಾಯಿತು: ನಾಲ್ಕು ಜನರ ಮನೆ, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 1,600 ರೂಪಾಯಿ. ಮೊತ್ತ ಚಿಕ್ಕದು, ನಿಜ. ಆದರೆ ಅಡುಗೆಮನೆಯ ದುಡಿಮೆಗೆ ಗಂಟೆಯ ಲೆಕ್ಕ ಬಂತಲ್ಲ! ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ಮಸೂದೆ 2010ರಲ್ಲಿ ಮನೆಗೆಲಸದವರನ್ನು ಹೊರಗಿಟ್ಟಿತ್ತು. ದೇಶದ ಹಲವು ಸಂಘಟನೆಗಳು ಒಟ್ಟಾಗಿ ದನಿಯೆತ್ತಿದ ಮೇಲೆ 2013ರ ಕಾಯ್ದೆಯಲ್ಲಿ ಅವರಿಗೆ ಜಾಗ ಸಿಕ್ಕಿತು.

ಈ ಸಂಘಗಳಿಂದ ಇನ್ನೊಂದು ಫಲವಿದೆ, ನೆರೆಹೊರೆಯ ಸಾಮರಸ್ಯ; ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1991ರ ಕಾವೇರಿ ಗಲಭೆಯಲ್ಲಿ ಈ ಊರಿನ ತಮಿಳರ ಗುಡಿಸಲುಗಳು ಉರಿದವು. 1994ರಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ನಡೆದ ಗಲಭೆಯಲ್ಲಿ ಜೀವಗಳು ಹೋದವು. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ ಗಲಭೆಯಲ್ಲಿ ಹೊತ್ತಿಕೊಂಡಾಗ, ಅಲ್ಲಿನ ಆಂಜನೇಯ ಗುಡಿಯ ಸುತ್ತ ಮುಸ್ಲಿಂ ಹುಡುಗರು ಕೈ ಕೈ ಹಿಡಿದು ಕಾವಲು ನಿಂತರು. ಶಾಂತಿ ಸಭೆಗಳು ಗಲಭೆಯಾದ ಮರುದಿನ ಪೊಲೀಸ್ ಠಾಣೆಯಲ್ಲಿ ಸೇರುತ್ತವೆ. ಈ ಹೆಂಗಸರು ಏನೂ ಆಗದ ದಿನವೂ ಸೇರುತ್ತಾರೆ. ದೀಪಾವಳಿ ಬೋನಸ್ ಸಿಗದ ಫಾತಿಮಾಳ ಪರವಾಗಿ ಮೇರಿ, ಲಕ್ಷ್ಮಿ ಹೋಗಿ ಮಾತಾಡಿ ಬರುವ ನೆರೆಹೊರೆಯಲ್ಲಿ ಕಲ್ಲೆತ್ತುವ ಕೈ ಒಂದು ಕ್ಷಣವಾದರೂ ತಡೆಯುತ್ತದೆಂದು ನಾನು ನಂಬಿದ್ದೇನೆ.

2011ರ ಜೂನ್ 16ರಂದು ಜಿನೀವಾದಲ್ಲಿ ಮನೆಗೆಲಸದವರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ ಅಂಗೀಕಾರವಾಯಿತು. ಭಾರತ ಅದರ ಪರ ಮತ ಹಾಕಿತು, ಆದರೆ ಸ್ಥಿರೀಕರಿಸಲಿಲ್ಲ. ಜನವರಿ 2025ರಲ್ಲಿ ಸುಪ್ರೀಂ ಕೋರ್ಟ್, ಇವರಿಗಾಗಿ ಕಾನೂನು ತರುವುದನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಕಾನೂನು ಬರುವಾಗ ಬರಲಿ. ನಿಮ್ಮ ಮನೆಗೆ ಬರುವಾಕೆಗೆ ವಾರಕ್ಕೊಂದು ರಜೆ ಕೊಡಿ, ಆ ದಿನದ ಸಂಬಳ ಹಿಡಿಯಬೇಡಿ. ಅವಳಿಗೆ ಸಂಘದ ಸಭೆಗೆ ಹೋಗಲು ಇರುವುದು ಅದೊಂದೇ ದಿನ.